ಗೆಟ್ಟಿಸ್‌ಬರ್ಗ್‌ನಲ್ಲೇ ಅಮೆರಿಕದ ಅಂತರ್ಯುದ್ಧ ತಿರುಗಿತೇ?

ಪ್ರಶ್ನೆ: ನಾವು ಧಾರವಾಡ ಕಡೆಯವರು. ಈಗ ಪೆನ್ಸಿಲ್ವೇನಿಯಾದಲ್ಲಿ ಇದ್ದೇವೆ. ಕಳೆದ ಬೇಸಿಗೆಯಲ್ಲಿ ಊರಿಂದ ಬಂದಿದ್ದ ಅತ್ತೆ-ಮಾವನನ್ನು ಗೆಟ್ಟಿಸ್‌ಬರ್ಗ್ ರಣರಂಗ ತೋರಿಸಲು ಕರೆದುಕೊಂಡು ಹೋಗಿದ್ದೆವು. ಗೈಡ್ ಒಂದು ತಗ್ಗು ಕಲ್ಲುಗೋಡೆಯ ಹತ್ತಿರ ನಿಲ್ಲಿಸಿ, ಅಂತರ್ಯುದ್ಧ ತಿರುಗಿದ್ದು ಇದೇ ಜಾಗದಲ್ಲಿ ಎಂದರು. ಈಗ ಹೈಸ್ಕೂಲಿನಲ್ಲಿರುವ ಮಗಳಿಗೆ ಅದೇ ವಿಷಯದ ಮೇಲೆ ಉದ್ದನೆಯ ಪ್ರಬಂಧ ಬರೆಯಬೇಕಾಗಿದೆ. ಪಠ್ಯಪುಸ್ತಕ ಗೆಟ್ಟಿಸ್‌ಬರ್ಗ್ ಎನ್ನುತ್ತದೆ. ಮಿಸಿಸಿಪ್ಪಿಯವರಾದ ನನ್ನ ಸಹೋದ್ಯೋಗಿ ನಕ್ಕು, ವಿಕ್ಸ್‌ಬರ್ಗ್ ಎನ್ನುತ್ತಾರೆ. ಅವಳ ಟೀಚರು ಆಂಟೀಟಮ್ ಕಡೆಗೆ ಸುಳಿವು ಕೊಟ್ಟಿದ್ದಾರಂತೆ. ಮಗಳ ತಕರಾರು ಬೇರೆಯೇ: 'ಸೋತವರು ಆಮೇಲೂ ಎರಡು ವರ್ಷ ಹೊಡೆದಾಡಿದ್ದರೆ ಅದು ತಿರುವು ಹೇಗಾಗುತ್ತದೆ? ಇದೆಲ್ಲ ಆಮೇಲೆ ಕಟ್ಟಿದ ಕತೆಯಲ್ಲವೇ?' ಇದಕ್ಕೇನಾದರೂ ಅಳತೆಗೋಲು ಇದೆಯೇ? ಗೆಟ್ಟಿಸ್‌ಬರ್ಗ್‌ನಲ್ಲಿ ಜನರಲ್ ಲೀ ಗೆದ್ದಿದ್ದರೆ ದಕ್ಷಿಣದವರು ಯುದ್ಧ ಗೆಲ್ಲುತ್ತಿದ್ದರೇ? ಅವಳು ಯಾವ ಕದನವನ್ನು ಆರಿಸಿಕೊಳ್ಳುವುದು ಕ್ಷೇಮ? ಮಾವನವರದ್ದೂ ಒಂದಿದೆ: ಆ ಯುದ್ಧದ ಕಾಲದಲ್ಲಿ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಎನ್ನುತ್ತಾರೆ, ನಿಜವೇ?

ಉತ್ತರ: ಮಗಳ ತಕರಾರನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಸರಿಯಾದ ಜಾಗಕ್ಕೇ ಕೈ ಹಾಕಿದೆ.

ಗೆಟ್ಟಿಸ್‌ಬರ್ಗ್ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ಶರಣಾದದ್ದು 1865ರ ಏಪ್ರಿಲ್ 9ರಂದು. ನಡುವೆ ಇಪ್ಪತ್ತೊಂದು ತಿಂಗಳು. ಪಠ್ಯಪುಸ್ತಕಗಳು ಈ ಅವಧಿಯನ್ನು 'ನಂತರ ದಕ್ಷಿಣವು ಕ್ರಮೇಣ ಕುಸಿಯಿತು' ಎಂಬ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಅಂದಿನವರಿಗೆ ಅದು ಕುಸಿತದಂತೆ ಕಂಡೇ ಇರಲಿಲ್ಲ.

ಎರಡು ಸಂಗತಿ ನೋಡಿ. ಗೆಟ್ಟಿಸ್‌ಬರ್ಗ್ ಮುಗಿದು ಹೆಚ್ಚುಕಡಿಮೆ ಒಂದು ವರ್ಷಕ್ಕೆ, 1864ರ ಜುಲೈ 11ರಂದು, ಜೂಬಲ್ ಅರ್ಲಿ ಎಂಬ ದಕ್ಷಿಣದ ಜನರಲ್ ತನ್ನ ಪಡೆಯೊಂದಿಗೆ ರಾಜಧಾನಿ ವಾಷಿಂಗ್ಟನ್ನಿನ ಹೊರ ಅಂಚಿಗೇ ಬಂದು ನಿಂತಿದ್ದ. ಫೋರ್ಟ್ ಸ್ಟೀವನ್ಸ್ ಎಂಬ ಕೋಟೆಯ ಮೇಲೆ ಗುಂಡು ಬೀಳುತ್ತಿದ್ದಾಗ ಅಧ್ಯಕ್ಷ ಲಿಂಕನ್ ಸ್ವತಃ ಅಲ್ಲಿ ನಿಂತು ನೋಡುತ್ತಿದ್ದರು. ಅದೇ ತಿಂಗಳು ನ್ಯೂಯಾರ್ಕಿನ ಪೇಟೆಯಲ್ಲಿ 100 ಡಾಲರ್ ಚಿನ್ನ ಕೊಳ್ಳಲು ಸರ್ಕಾರ ಅಚ್ಚು ಹಾಕಿದ ಕಾಗದದ ಡಾಲರ್ 280ಕ್ಕೂ ಹೆಚ್ಚು ಎಣಿಸಬೇಕಿತ್ತು. ಇಡೀ ಯುದ್ಧದಲ್ಲಿ ಉತ್ತರದ ನೋಟು ಅಷ್ಟು ಕೆಳಕ್ಕೆ ಇಳಿದದ್ದು ಆಗಲೇ. ದುಡ್ಡು ಹಾಕಿ ಕೂತಿದ್ದ ಜನ ತಮ್ಮ ಸರ್ಕಾರ ಗೆಲ್ಲುವುದೇ ಅನುಮಾನ ಎಂದುಕೊಂಡದ್ದು 'ತಿರುವು' ಕಳೆದು ಒಂದು ವರ್ಷವಾದ ಮೇಲೆ! ಇದನ್ನು ಪ್ರಬಂಧದಲ್ಲಿ ಹಾಕಲು ಹೇಳಿ. ಟೀಚರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಹಾಗಾದರೆ ಎಲ್ಲವೂ ಆಮೇಲೆ ಕಟ್ಟಿದ ಕತೆಯೇ? ಅರ್ಧ ಹೌದು. ಪಂದ್ಯ ಮುಗಿದ ಮೇಲೆ ಯಾವ ಓವರಿನಲ್ಲಿ ಮ್ಯಾಚ್ ಕೈಬಿಟ್ಟಿತು ಎಂದು ಚಹಾದಂಗಡಿಯಲ್ಲಿ ಕೂತು ಯಾರು ಬೇಕಾದರೂ ಹೇಳಬಹುದು. ಆ ಓವರ್ ನಡೆಯುವಾಗ ಹೇಳಿದವರು ಕಡಿಮೆ. ಹಾಗೆಂದು ಎಲ್ಲ ಕದನಗಳೂ ಒಂದೇ ತೂಕದವೂ ಅಲ್ಲ. ತರಗತಿಯಲ್ಲಿ ನಾನು ಹುಡುಗರ ಮುಂದಿಡುವ ಪರೀಕ್ಷೆ ಒಂದೇ. ಕದನದ ಹಿಂದಿನ ದಿನ ಸೋತ ಕಡೆಯವರಿಗೆ ಗೆಲ್ಲಲು ಯಾವ ಯಾವ ದಾರಿ ತೆರೆದಿತ್ತು? ಮರುದಿನ ಅದರಲ್ಲಿ ಯಾವುದು ಖಾಯಂ ಆಗಿ ಮುಚ್ಚಿಹೋಯಿತು? ಯಾವ ದಾರಿಯೂ ಮುಚ್ಚದಿದ್ದರೆ, ಎಷ್ಟೇ ಹೆಣ ಬಿದ್ದಿದ್ದರೂ ಅದು ದೊಡ್ಡ ಕದನ, ಅಷ್ಟೆ.

ಅಂತರ್ಯುದ್ಧದಲ್ಲಿ ಈ ದಾರಿಗಳು ಹೆಚ್ಚಾಗಿ ರಣರಂಗದ ಹೊರಗಿರುತ್ತವೆ. ಎರಡು ದೇಶಗಳ ನಡುವಿನ ಯುದ್ಧದಲ್ಲಿ ಸೋತವನು ಒಂದಿಷ್ಟು ನೆಲ ಬಿಟ್ಟುಕೊಟ್ಟು ತನ್ನ ಮನೆಗೆ ಹೋಗಬಹುದು. ಅಂತರ್ಯುದ್ಧದಲ್ಲಿ ಹೋಗಲು ಮನೆಯೇ ಇಲ್ಲ, ಜಗಳ ನಡೆದಿರುವುದೇ ಆ ಮನೆಗಾಗಿ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಪರ ಕಾದಾಡುತ್ತಿದ್ದ ಮ್ಯಾಂಚೆಸ್ಟರಿನ ಅರ್ಲ್ 1644ರಲ್ಲಿ ಬಾಯಿಬಿಟ್ಟು ಹೇಳಿಯೇಬಿಟ್ಟ: ನಾವು ರಾಜನನ್ನು ತೊಂಬತ್ತೊಂಬತ್ತು ಸಲ ಸೋಲಿಸಿದರೂ ಅವನು ರಾಜನೇ, ಅವನು ನಮ್ಮನ್ನು ಒಂದೇ ಸಲ ಸೋಲಿಸಿದರೆ ನಾವೆಲ್ಲ ಗಲ್ಲಿಗೆ. ಆ ವರ್ಷ ಜುಲೈನಲ್ಲಿ ಮಾರ್ಸ್ಟನ್ ಮೂರ್‌ನಲ್ಲಿ ಪಾರ್ಲಿಮೆಂಟ್ ಪಡೆ ಭಾರೀ ಗೆಲುವು ಪಡೆದಿತ್ತು, ಇಂಗ್ಲೆಂಡಿನ ಉತ್ತರ ಭಾಗವೇ ರಾಜನ ಕೈತಪ್ಪಿತ್ತು. ಆದರೂ ಗೆದ್ದ ಸೇನಾಪತಿಗಳಿಗೆ ಗೆಲುವನ್ನು ಕೊನೆಮುಟ್ಟಿಸುವ ಮನಸ್ಸಿರಲಿಲ್ಲ. ಆ ಹಳಬರನ್ನು ಸರಿಸಿ, 1645ರಲ್ಲಿ ಹೊಸ ಮಾದರಿಯ ಸೇನೆ ಕಟ್ಟಿದ ಮೇಲೆಯೇ ನೇಸ್‌ಬಿಯಲ್ಲಿ ಲೆಕ್ಕ ಚುಕ್ತಾ ಆದದ್ದು. ನೇಸ್‌ಬಿಯಲ್ಲಿ ರಾಜನ ಕಾಲಾಳುಪಡೆ ಹೋಯಿತು, ಸರಿ. ಜೊತೆಗೆ ಅವನ ಸಾಮಾನಿನ ಗಾಡಿಗಳೂ ಸಿಕ್ಕಿಬಿದ್ದವು. ಅವುಗಳಲ್ಲಿದ್ದ ಖಾಸಗಿ ಪತ್ರಗಳನ್ನು ಪಾರ್ಲಿಮೆಂಟ್ ಅಚ್ಚು ಹಾಕಿಸಿ ಹಂಚಿತು. ರಾಜ ಐರ್ಲೆಂಡಿನಿಂದ, ಹೊರದೇಶಗಳಿಂದ ಕ್ಯಾಥೊಲಿಕ್ ಪಡೆ ತರಿಸಲು ಹವಣಿಸಿದ್ದು ಊರಿಗೆಲ್ಲ ಗೊತ್ತಾಯಿತು. ಅವನ ಜೊತೆ ರಾಜಿ ಮಾಡಿಕೊಳ್ಳಬಹುದು ಎಂದು ಹೇಳುತ್ತಿದ್ದವರ ಬಾಯಿ ಕಟ್ಟಿತು. ಹೆಣಗಳಷ್ಟೇ ಕಾಗದವೂ ಕೆಲಸ ಮಾಡಿತು.

ನಮ್ಮ ಕಡೆಯದೇ ಬೇಕೆಂದರೆ ವಿಜಯನಗರದ ಅರವೀಡು ಮನೆತನದ ಜಗಳವಿದೆ. 1614ರಲ್ಲಿ ವೆಂಕಟಪತಿರಾಯ ತೀರಿಕೊಂಡ ಮೇಲೆ ಜಗ್ಗರಾಯನ ಬಣ, ಯಾಚಮನಾಯಕನ ಬಣ ಎಂದು ರಾಜ್ಯ ಎರಡು ಹೋಳಾಯಿತು. ಕಾವೇರಿ ತೀರದ ತೋಪೂರಿನಲ್ಲಿ ಜಗ್ಗರಾಯ ಸತ್ತು, ಯಾಚಮನ ಬಣದ ರಾಮದೇವರಾಯನಿಗೆ ಪಟ್ಟ ಖಚಿತವಾಯಿತು. ಕದನವೇನೋ ನಿರ್ಣಾಯಕವೇ. ಆದರೆ ಪಟ್ಟ ಸಿಕ್ಕಿತೇ ಹೊರತು ನಾಯಕರ ಮೇಲಿದ್ದ ಹಿಡಿತ ವಾಪಸು ಬರಲಿಲ್ಲ. ಮಧುರೆ, ಜಿಂಜಿ, ಮೈಸೂರು ತಮ್ಮ ತಮ್ಮ ಪಾಡು ನೋಡಿಕೊಂಡವು. ಇನ್ನು ಕೆಲವು ಸಲ ತಿರುವಿಗೆ ಕದನವೇ ಬೇಕಾಗುವುದಿಲ್ಲ. ಶ್ರೀಲಂಕಾದಲ್ಲಿ 2004ರ ಮಾರ್ಚಿನಲ್ಲಿ ಪೂರ್ವ ಪ್ರಾಂತ್ಯದ ಕಮಾಂಡರ್ ಕರುಣಾ ಎಲ್‌ಟಿಟಿಇಯಿಂದ ಒಡೆದು ಹೊರಬಂದದ್ದಕ್ಕಿರುವ ತೂಕ ಅಲ್ಲಿನ ಎಷ್ಟೋ ಕಾಳಗಗಳಿಗಿಲ್ಲ.

ಈಗ ಅಮೆರಿಕಕ್ಕೆ ಬರೋಣ. ಗುಲಾಮಗಿರಿ ಉಳಿಸಿಕೊಳ್ಳಲೆಂದು ದಕ್ಷಿಣದ 11 ರಾಜ್ಯಗಳು ಒಕ್ಕೂಟ ಬಿಟ್ಟು ಹೊರನಡೆದವು, ಜೆಫರ್ಸನ್ ಡೇವಿಸ್ ಅವರ ಅಧ್ಯಕ್ಷ. ಉತ್ತರದಲ್ಲಿ ಸುಮಾರು 2 ಕೋಟಿ 20 ಲಕ್ಷ ಜನ. ದಕ್ಷಿಣದಲ್ಲಿ 90 ಲಕ್ಷ, ಅದರಲ್ಲಿ ಸುಮಾರು 35 ಲಕ್ಷ ಗುಲಾಮರು. ಕಾರ್ಖಾನೆ, ರೈಲು, ಹಡಗು ಎಲ್ಲದರಲ್ಲೂ ಉತ್ತರವೇ ಮುಂದೆ. ಇದನ್ನು ನೋಡಿ, ದಕ್ಷಿಣದ ಸೋಲು ಮೊದಲೇ ಬರೆದಿಟ್ಟದ್ದು, ಯಾವ ಕದನವೂ ಮುಖ್ಯವಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಕ್ಷಿಣದವರು ವಾಷಿಂಗ್ಟನ್ ಗೆಲ್ಲಬೇಕಿರಲಿಲ್ಲ. ಉತ್ತರದವರು 'ಸಾಕಪ್ಪಾ ಸಾಕು' ಎನ್ನುವ ತನಕ ಸಾಯದೆ ಉಳಿದಿದ್ದರೆ ಸಾಕಿತ್ತು. ಅವರ ಮುಂದಿದ್ದ ದಾರಿಗಳು ಎರಡು: ಒಂದು, ಬ್ರಿಟನ್ ಮತ್ತು ಫ್ರಾನ್ಸ್ ಮಧ್ಯೆ ಬಂದು ತಮ್ಮನ್ನು ಪ್ರತ್ಯೇಕ ದೇಶವೆಂದು ಒಪ್ಪುವುದು. ಇನ್ನೊಂದು, ಉತ್ತರದ ಮತದಾರ ಬೇಸತ್ತು ಲಿಂಕನ್ ಅವರನ್ನು ಮನೆಗೆ ಕಳಿಸುವುದು. ಯಾವ ಕದನ ಯಾವ ದಾರಿಗೆ ಅಡ್ಡ ಬಂತು ಎಂದು ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ.

ಟೀಚರು ಹೇಳಿದ ಆಂಟೀಟಮ್ ಮೊದಲ ದಾರಿಗೆ ಸೇರಿದ್ದು. 1862ರ ಸೆಪ್ಟೆಂಬರ್ 17, ಮೇರಿಲ್ಯಾಂಡಿನ ಒಂದು ಹೊಳೆಯ ದಂಡೆ. ಒಂದೇ ದಿನದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23 ಸಾವಿರ. ಯುದ್ಧಶಾಸ್ತ್ರದ ಲೆಕ್ಕದಲ್ಲಿ ಸಮಸಮ. ಉತ್ತರದ ಜನರಲ್ ಮೆಕ್ಲೆಲನ್ ಕೈಗೆ ಲೀಯ ಗುಪ್ತ ಆದೇಶದ ಪ್ರತಿಯೇ, ಮೂರು ಚುಟ್ಟಾಗಳಿಗೆ ಸುತ್ತಿಕೊಂಡು ಬಿದ್ದದ್ದು, ನಾಲ್ಕು ದಿನ ಮುಂಚೆ ಸಿಕ್ಕಿತ್ತು. ಆದರೂ ಮನುಷ್ಯ ತಡ ಮಾಡಿದ, ಕದನದ ದಿನ ತನ್ನ ಮೀಸಲು ಪಡೆಯನ್ನು ಪೂರ್ತಿ ಇಳಿಸಲೇ ಇಲ್ಲ. ಲೀ ಪಾರಾಗಿ ಹೋದ.

ಆದರೆ ಲಿಂಕನ್ ಅವರ ಮೇಜಿನಲ್ಲಿ ಜುಲೈನಿಂದಲೇ ಒಂದು ಕಾಗದ ಕಾಯುತ್ತಿತ್ತು, ಗುಲಾಮರ ಬಿಡುಗಡೆಯ ಘೋಷಣೆ. ಸೋತ ಮುಖ ಹೊತ್ತುಕೊಂಡು ಇದನ್ನು ಹೊರಡಿಸಿದರೆ ಮುಳುಗುವವನ ಕೂಗಿನಂತಾಗುತ್ತದೆ, ಒಂದು ಗೆಲುವು ಬರಲಿ ಎಂದು ಮಂತ್ರಿ ಸೂವರ್ಡ್ ತಡೆದಿದ್ದರು. ಆಂಟೀಟಮ್ ಗೆಲುವಿನಂತೆ ಕಾಣುವಷ್ಟು ಗೆಲುವಾಗಿತ್ತು. ಸೆಪ್ಟೆಂಬರ್ 22ಕ್ಕೆ ಘೋಷಣೆ ಹೊರಬಿತ್ತು, 1863ರ ಜನವರಿ 1ರಿಂದ ಜಾರಿ. ಅಲ್ಲಿಂದ ಮುಂದೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರು ಉತ್ತರದ ಸೇನೆ ಸೇರಿದರು. ಒಕ್ಕೂಟ ಉಳಿಸುವ ಯುದ್ಧ ಗುಲಾಮಗಿರಿ ಕಿತ್ತುಹಾಕುವ ಯುದ್ಧವೂ ಆಯಿತು. ಗುಲಾಮಗಿರಿಯ ಪರ ನಿಲ್ಲುವುದು ಬ್ರಿಟನ್ನಿನ ಯಾವ ಸರ್ಕಾರಕ್ಕೂ ಕಷ್ಟವಾಯಿತು. ಹಾಗೆಂದು ಬಾಗಿಲು ಅವತ್ತೇ ಧಡ್ ಎಂದು ಮುಚ್ಚಿತು ಎಂದು ಮಗಳು ಬರೆಯಬಾರದು. ಆಂಟೀಟಮ್ ಆಗಿ ಮೂರು ವಾರಕ್ಕೆ ಬ್ರಿಟನ್ನಿನ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್, ಡೇವಿಸ್ ಒಂದು ರಾಷ್ಟ್ರವನ್ನೇ ಕಟ್ಟಿದ್ದಾರೆ ಎಂದು ಬಹಿರಂಗ ಭಾಷಣ ಮಾಡಿದ್ದರು. ಮಧ್ಯಸ್ಥಿಕೆಯ ಪ್ರಸ್ತಾಪವನ್ನು ಬ್ರಿಟಿಷ್ ಸಂಪುಟ ತಳ್ಳಿಹಾಕಿದ್ದು ನವೆಂಬರಿನಲ್ಲಿ.

ಮಾವನವರ ಪ್ರಶ್ನೆಗೆ ಜಾಗ ಇಲ್ಲೇ. ಅವರು ಹೇಳಿದ್ದು ನಿಜ. ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದ್ದು. ಹತ್ತಿ ನಿಲ್ಲಿಸಿದರೆ ಲಂಡನ್ ತಾನಾಗಿ ಮಂಡಿಯೂರುತ್ತದೆ ಎಂಬ ಲೆಕ್ಕದಲ್ಲಿ ದಕ್ಷಿಣದವರು 1861ರಲ್ಲಿ ತಾವಾಗಿಯೇ ರಫ್ತು ತಡೆದರು. ಉತ್ತರದ ನೌಕಾಪಡೆಯ ದಿಗ್ಬಂಧನವೂ ಸೇರಿತು. ಲ್ಯಾಂಕಶೈರಿನಲ್ಲಿ ಗಿರಣಿಗಳು ಮುಚ್ಚಿ ಕೂಲಿಕಾರರು ಹಸಿದರು ನಿಜ, ಆದರೆ ವ್ಯಾಪಾರಿಗಳು ಈಜಿಪ್ಟಿನ ಕಡೆ, ಭಾರತದ ಕಡೆ ಮುಖ ಮಾಡಿದರು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಅಮೆರಿಕನ್ ತಳಿಯ ಹತ್ತಿಯನ್ನು ಬ್ರಿಟಿಷರು 1840ರ ದಶಕದಲ್ಲೇ ಬೆಳೆಸಲು ಹಚ್ಚಿದ್ದರು, ಅದಕ್ಕೆ 'ಧಾರವಾಡ-ಅಮೆರಿಕನ್' ಎಂದೇ ಹೆಸರು. ನಾಡ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದರಿಂದ ಬಾಂಬೆ, ಲಿವರ್‌ಪೂಲ್ ಪೇಟೆಗಳಲ್ಲಿ ಅದು 'ಕುಮಟಾ ಹತ್ತಿ'. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿ, ಕಾರವಾರ ಬಂದರು ಬೆಳೆಸಲು ಹೊರಟದ್ದರ ಹಿಂದೆ ಇದೇ ಹತ್ತಿಯ ಹಸಿವು. ಬೆಲೆ ಎಷ್ಟು ಏರಿತೆಂದರೆ ಕಸಕಡ್ಡಿ ಬೆರೆಸುವ ವಂಚನೆ ತಡೆಯಲು ಬಾಂಬೆ ಸರ್ಕಾರ 1863ರಲ್ಲಿ ಒಂದು ಕಾಯ್ದೆಯನ್ನೇ ತಂದಿತು. 1865ರಲ್ಲಿ ಶಾಂತಿಯ ಸುದ್ದಿ ಬಂದದ್ದೇ ತಡ, ಬೆಲೆ ನೆಲಕಚ್ಚಿ, ಬಾಂಬೆಯ ಸಟ್ಟಾ ಸಾಹುಕಾರರು ದಿವಾಳಿಯೆದ್ದರು. ಹತ್ತಿಯಿಂದ ಬ್ರಿಟನ್ನನ್ನು ಬಗ್ಗಿಸುತ್ತೇವೆ ಎಂಬ ದಕ್ಷಿಣದವರ ಲೆಕ್ಕ ತಲೆಕೆಳಗಾದದ್ದರಲ್ಲಿ ನಮ್ಮ ಎರೆಭೂಮಿಯ ಪಾಲೂ ಇದೆ. ಮಾವನವರಿಗೆ ತಿಳಿಸಿ.

ಇನ್ನು ಗೆಟ್ಟಿಸ್‌ಬರ್ಗ್. ನಿಮ್ಮ ಗೈಡನ್ನು ನಾನು ದೂರುವುದಿಲ್ಲ. ಜುಲೈ 3ರ ಮಧ್ಯಾಹ್ನ ಸುಮಾರು 12,500 ಮಂದಿ ದಕ್ಷಿಣದ ಸೈನಿಕರು ಮುಕ್ಕಾಲು ಮೈಲಿಗೂ ಹೆಚ್ಚಿನ ಬಯಲನ್ನು ತೋಪುಗಳ ಬಾಯಿಗೆ ಎದೆಕೊಟ್ಟು ದಾಟಿ ಆ ಕಲ್ಲುಗೋಡೆಯ ತನಕ ಬಂದರು, ಅರ್ಧದಷ್ಟು ಮಂದಿ ಮರಳಲಿಲ್ಲ. ಅಲ್ಲಿ ನಿಂತವರಿಗೆ ಲೋಕವೇ ಅಲ್ಲಿ ತಿರುಗಿದಂತೆ ಅನಿಸುವುದು ಸಹಜ. ಮೂರು ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 50 ಸಾವಿರ ಮಂದಿ ಸತ್ತರು, ಗಾಯಗೊಂಡರು, ಸೆರೆಸಿಕ್ಕರು ಅಥವಾ ಕಾಣೆಯಾದರು. ಲೀಯ ಸೇನೆಯಲ್ಲಿ ಮೂರರಲ್ಲಿ ಒಂದು ಭಾಗ ಕರಗಿತು. ಉತ್ತರದ ನೆಲದೊಳಗೆ ನುಗ್ಗಿ ದೊಡ್ಡ ಕದನ ಕೊಡುವ ಶಕ್ತಿ ಆ ಸೇನೆಗೆ ಮತ್ತೆ ಬರಲಿಲ್ಲ. ಇಷ್ಟೂ ನಿಜ.

ಮುಂದಿನದು ಪುರಾಣ. ಲೀ ಗೆದ್ದಿದ್ದರೆ ವಾಷಿಂಗ್ಟನ್ ಬೀಳುತ್ತಿತ್ತು ಎನ್ನುತ್ತಾರೆ. ವಾಷಿಂಗ್ಟನ್ ಸುತ್ತ ಆ ಹೊತ್ತಿಗೆ ಕೋಟೆಗಳ ಸರಮಾಲೆಯೇ ಇತ್ತು. ಲೀಯ ಹತ್ತಿರ ಮುತ್ತಿಗೆ ಹಾಕುವ ದೊಡ್ಡ ತೋಪುಗಳಿರಲಿಲ್ಲ, ಮೂರನೇ ದಿನದ ಹೊತ್ತಿಗೆ ಗುಂಡುಗಳೂ ತಳ ಕಂಡಿದ್ದವು. ಅವನು ಪೆನ್ಸಿಲ್ವೇನಿಯಾಕ್ಕೆ ಬಂದದ್ದು ವರ್ಜೀನಿಯಾದ ಬರಿದಾದ ಹೊಲಗಳಿಗೆ ಬಿಡುವು ಕೊಟ್ಟು, ಶತ್ರುವಿನ ಹಗೇವಿನಿಂದ ತನ್ನ ಸೇನೆಯ ಹೊಟ್ಟೆ ತುಂಬಿಸಿ, ಸಾಧ್ಯವಾದರೆ ಉತ್ತರದ ಶಾಂತಿವಾದಿಗಳ ಕೈ ಬಲಪಡಿಸಲು. ನೀವು ಅಲ್ಲೇ ಇರುವವರಾದ್ದರಿಂದ ಇನ್ನೊಂದು ಮಾತು: ಆ ದಂಡಯಾತ್ರೆಯಲ್ಲಿ ಅವನ ಸೇನೆ ಪೆನ್ಸಿಲ್ವೇನಿಯಾದ ಸ್ವತಂತ್ರ ಕಪ್ಪು ನಾಗರಿಕರನ್ನು ಹಿಡಿದು ಗುಲಾಮರನ್ನಾಗಿ ದಕ್ಷಿಣಕ್ಕೆ ಅಟ್ಟಿತ್ತು. ರಣರಂಗದ ಪ್ರವಾಸದಲ್ಲಿ ಕಲ್ಲುಗೋಡೆಯಷ್ಟು ಗಮನ ಇದಕ್ಕೆ ಸಿಗುವುದಿಲ್ಲ.

ಆದ್ದರಿಂದ ಲೀ ಅಲ್ಲಿ ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನನ್ನ ಉತ್ತರ: ಉತ್ತರದಲ್ಲಿ ಗದ್ದಲವೇಳುತ್ತಿತ್ತು, ಅಲ್ಲಿ ಉತ್ತರದ ಸೇನೆ ನಡೆಸಿದ ಜನರಲ್ ಮೀಡ್ ಕೆಲಸ ಕಳೆದುಕೊಳ್ಳುತ್ತಿದ್ದ, ಲೀ ಕೆಲವು ವಾರಗಳಲ್ಲಿ ಗಾಯಾಳುಗಳನ್ನು ಹೇರಿಕೊಂಡು ಹೇಗೂ ವರ್ಜೀನಿಯಾಕ್ಕೆ ಮರಳುತ್ತಿದ್ದ. ಅದಕ್ಕೂ ಎರಡು ತಿಂಗಳ ಹಿಂದೆ ಚಾನ್ಸಲರ್ಸ್‌ವಿಲ್‌ನಲ್ಲಿ ಲೀ ಅಮೋಘವಾಗಿ ಗೆದ್ದಿದ್ದ, ಉತ್ತರವೇನೂ ಶರಣಾಗಲಿಲ್ಲ.

ಹಾಗಿದ್ದೂ ಗೆಟ್ಟಿಸ್‌ಬರ್ಗ್‌ಗೆ ಈ ಪಟ್ಟ ಹೇಗೆ ಬಂತು? ದೊಡ್ಡ ಪತ್ರಿಕೆಗಳಿದ್ದ ನಗರಗಳಿಗೆ ಅದು ಹತ್ತಿರ. ಹೆಣಗಳ ಫೋಟೋ ತೆಗೆದವರು ಬೇಗ ಬಂದರು. ನವೆಂಬರಿನಲ್ಲಿ ಲಿಂಕನ್ ಅಲ್ಲಿ ಎರಡು ನಿಮಿಷದ ಮಾತಾಡಿದರು, ಆ ಮಾತು ಉಳಿಯಿತು. 1892ರಲ್ಲಿ ಆ ಕಲ್ಲುಗೋಡೆಯ ಹತ್ತಿರ ದಕ್ಷಿಣದ ಪ್ರವಾಹ ಏರಿದ ಗರಿಷ್ಠ ಮಟ್ಟ ಇದೇ ಎಂದು ಸ್ಮಾರಕ ನೆಟ್ಟರು, ಮುಂದೆ ಎಲ್ಲರೂ ಅದನ್ನೇ ಓದಿದರು. ದಕ್ಷಿಣದವರಿಗೂ ಈ ಕತೆ ಬೇಕಿತ್ತು. 1870ರಲ್ಲಿ ಲೀ ತೀರಿಕೊಂಡ ಮೇಲೆ ಜೂಬಲ್ ಅರ್ಲಿ ಮೊದಲಾದವರು, ಜುಲೈ 2ರಂದು ಜನರಲ್ ಲಾಂಗ್‌ಸ್ಟ್ರೀಟ್ ತಡ ಮಾಡಿದ್ದರಿಂದಲೇ ಎಲ್ಲ ಹಾಳಾಯಿತು ಎಂದು ಬರೆಯತೊಡಗಿದರು. ಇಡೀ ಯುದ್ಧ ಒಬ್ಬನ ಒಂದು ಮಧ್ಯಾಹ್ನದ ತಡದಿಂದ ಹೋಯಿತು ಎಂದುಬಿಟ್ಟರೆ ಹಸಿವು, ಸೈನ್ಯ ಬಿಟ್ಟು ಓಡಿಹೋದವರು, ಗುಲಾಮಗಿರಿ ಇವುಗಳ ಮಾತೇ ಎತ್ತಬೇಕಿಲ್ಲವಲ್ಲ!

ನಿಮ್ಮ ಸಹೋದ್ಯೋಗಿಯ ವಿಕ್ಸ್‌ಬರ್ಗ್ ಪಕ್ಷ ಇದಕ್ಕಿಂತ ಗಟ್ಟಿ. ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲಿನ ಆ ಊರನ್ನು ಉತ್ತರದ ಜನರಲ್ ಗ್ರಾಂಟ್ 47 ದಿನ ಮುತ್ತಿದ. ತೋಪಿನ ಗುಂಡು ತಪ್ಪಿಸಿಕೊಳ್ಳಲು ಜನ ಗುಡ್ಡದಲ್ಲಿ ಗುಹೆ ತೋಡಿ ಸಂಸಾರ ಹೂಡಿದ್ದರು, ಹೇಸರಗತ್ತೆ ಮಾಂಸ ತಿನ್ನುವಂತಾಗಿತ್ತು. ಕಾಗದ ಮುಗಿದದ್ದರಿಂದ ಅಲ್ಲಿನ ಪತ್ರಿಕೆ ಗೋಡೆಗೆ ಅಂಟಿಸುವ ಹೂಬಳ್ಳಿ ಕಾಗದದ ಹಿಂಬದಿಯಲ್ಲಿ ಅಚ್ಚಾಗುತ್ತಿತ್ತು. ಜುಲೈ 2ರ ಸಂಚಿಕೆಯಲ್ಲಿ ಸಂಪಾದಕ ಲೇವಡಿ ಮಾಡಿದ್ದ: ಗ್ರಾಂಟ್ ಸಾಹೇಬರು ಜುಲೈ 4ರ ಊಟ ವಿಕ್ಸ್‌ಬರ್ಗ್‌ನಲ್ಲಿ ಮಾಡುತ್ತಾರಂತೆ, ಮೊಲದ ಅಡುಗೆ ಮಾಡಬೇಕಾದರೆ ಮೊದಲು ಮೊಲ ಹಿಡಿಯಬೇಕು. ಜುಲೈ 4ರಂದು ಊರು ಶರಣಾಯಿತು. ಒಳಗೆ ಬಂದ ಉತ್ತರದ ಸೈನಿಕರಿಗೆ ಜೋಡಿಸಿಟ್ಟ ಅಚ್ಚುಮೊಳೆಗಳು ಹಾಗೆಯೇ ಸಿಕ್ಕವು. ಕೆಳಗೆ ನಾಲ್ಕು ಸಾಲು ಸೇರಿಸಿ ತಾವೇ ಅಚ್ಚು ಹಾಕಿದರು: ಎರಡು ದಿನದಲ್ಲಿ ಭಾರೀ ಬದಲಾವಣೆ ಆಗಿದೆ, ಗ್ರಾಂಟ್ ಮೊಲ ಹಿಡಿದಾಯಿತು.

29 ಸಾವಿರಕ್ಕೂ ಹೆಚ್ಚು ಸೈನಿಕರ ಒಂದು ಇಡೀ ಸೇನೆ, 172 ತೋಪುಗಳು ಒಂದೇ ಏಟಿಗೆ ಹೋದವು. ಅವರ ಸೇನಾಪತಿ ಪೆಂಬರ್‌ಟನ್ ಹುಟ್ಟಿದ್ದು ನಿಮ್ಮ ಫಿಲಡೆಲ್ಫಿಯಾದಲ್ಲಿ! ಐದು ದಿನದಲ್ಲಿ ಪೋರ್ಟ್ ಹಡ್ಸನ್ ಕೂಡ ಬಿದ್ದು ನದಿ ಪೂರ್ತಿ ಉತ್ತರದ ಕೈಗೆ ಬಂತು. ಟೆಕ್ಸಸ್, ಅರ್ಕಾನ್ಸಾ ದಕ್ಷಿಣದ ಉಳಿದ ಭಾಗದಿಂದ ಕತ್ತರಿಸಿಹೋದವು. ಎರಡೂ ಸೋಲಿನ ಸುದ್ದಿ ಯುರೋಪು ಮುಟ್ಟಿದಾಗ ದಕ್ಷಿಣದವರು ಅಲ್ಲಿ ಹತ್ತಿಯ ಭರವಸೆ ಮೇಲೆ ಮಾರಿದ್ದ ಸಾಲಪತ್ರಗಳ ಬೆಲೆ ಬಿದ್ದಿತು. ಆದರೆ ತೊಡಕು ಇಲ್ಲಿದೆ: ಗ್ರಾಂಟ್ ಆ ಸೈನಿಕರನ್ನು ಮತ್ತೆ ಕಾದುವುದಿಲ್ಲ ಎಂಬ ಮಾತಿನ ಮೇಲೆ ಬಿಟ್ಟುಬಿಟ್ಟ, ಅವರಲ್ಲಿ ಎಷ್ಟೋ ಮಂದಿ ತಿಂಗಳುಗಳಲ್ಲೇ ಮತ್ತೆ ಬಂದೂಕು ಹಿಡಿದು ನಿಂತರು. ನದಿಯಾಚೆಯಿಂದ ಬರುತ್ತಿದ್ದ ಸರಕೂ ಅದಾಗಲೇ ತೆಳುವಾಗಿತ್ತು. ವಿಕ್ಸ್‌ಬರ್ಗ್‌ನ ಅಸಲಿ ಫಲ ಗ್ರಾಂಟ್ ಎಂಬ ಮನುಷ್ಯನೇ ಎಂದು ನನಗನಿಸುತ್ತದೆ. ಆ ಗೆಲುವಿಲ್ಲದೆ ಅವನು 1864ರ ಮಾರ್ಚಿನಲ್ಲಿ ಎಲ್ಲ ಸೇನೆಗಳ ಮುಖ್ಯಸ್ಥನಾಗುತ್ತಿರಲಿಲ್ಲ.

ಅವನು ಬಂದದ್ದರಿಂದ ಏನು ಬದಲಾಯಿತು ಎಂಬುದಕ್ಕೆ ಒಂದು ರಾತ್ರಿ ಸಾಕು. 1864ರ ಮೇ 5ರಿಂದ ಗ್ರಾಂಟ್ ಮತ್ತು ಲೀ ವರ್ಜೀನಿಯಾದ ವೈಲ್ಡರ್‌ನೆಸ್ ಎಂಬ ಕುರುಚಲು ಕಾಡಿನಲ್ಲಿ ಕಾದಾಡಿದರು. ಪೊದೆಗಳಿಗೆ ಬೆಂಕಿ ಹತ್ತಿ ಗಾಯಾಳುಗಳು ಬಿದ್ದಲ್ಲೇ ಸುಟ್ಟುಹೋದರು. ಗ್ರಾಂಟ್ ಗೆಲ್ಲಲಿಲ್ಲ. ಇದಕ್ಕೆ ಮುಂಚೆ ಉತ್ತರದ ಪ್ರತಿ ಜನರಲ್ಲನೂ ಇಂಥ ಪೆಟ್ಟು ತಿಂದ ಮೇಲೆ ಹೊಳೆ ದಾಟಿ ಹಿಂದಕ್ಕೆ ಹೋಗಿದ್ದ. ಮೇ 7ರ ರಾತ್ರಿ ದಣಿದ ಪಡೆಗಳು ಕವಲುದಾರಿಗೆ ಬಂದಾಗ ಸೈನಿಕರು ಈ ಸಲವೂ ಅದೇ ಎಂದುಕೊಂಡಿದ್ದರು. ಆದೇಶ ಬಂದದ್ದು ದಕ್ಷಿಣಕ್ಕೆ ಹೊರಡಲು. ಗೊತ್ತಾದ ಕೂಡಲೇ ಕತ್ತಲಲ್ಲೇ ಜೈಕಾರ ಎದ್ದಿತು. ಶತ್ರುವಿಗೆ ಕೇಳಿಸೀತೆಂದು ಗ್ರಾಂಟ್ ಸದ್ದಡಗಿಸಲು ಹೇಳಿಕಳಿಸಬೇಕಾಯಿತು.

ಆ ಹಠಕ್ಕೆ ಬೆಲೆಯೂ ಭಾರೀ ಇತ್ತು. ಸುಮಾರು ಆರು ವಾರದಲ್ಲಿ ಉತ್ತರ ಕಳೆದುಕೊಂಡದ್ದು 55 ಸಾವಿರ ಮಂದಿಯನ್ನು, ಸತ್ತವರು ಗಾಯಗೊಂಡವರು ಎಲ್ಲ ಸೇರಿ. ವರ್ಜೀನಿಯಾದ ಪೀಟರ್ಸ್‌ಬರ್ಗ್ ಮುಂದೆ ಸೇನೆ ಕಂದಕ ತೋಡಿ ಕೂತಿತು, ಉತ್ತರದ ಇನ್ನೊಬ್ಬ ಜನರಲ್ ಷರ್ಮನ್ ಅಟ್ಲಾಂಟಾದ ಹೊರಗೆ ಸಿಕ್ಕಿಕೊಂಡಿದ್ದ. ಪತ್ರಿಕೆಗಳಲ್ಲಿ ಸತ್ತವರ ಪಟ್ಟಿ, ಪೇಟೆಯಲ್ಲಿ ಚಿನ್ನದ ಬೆಲೆ, ಎರಡೂ ಏರುತ್ತಿದ್ದವು. ನವೆಂಬರಿನಲ್ಲಿ ಚುನಾವಣೆ. ಲಿಂಕನ್ ಪಕ್ಷದ ಹಿರಿಯರೇ ನೀವು ಗೆಲ್ಲುವುದಿಲ್ಲ ಎಂದು ಮುಖಕ್ಕೇ ಹೇಳಿದರು. ಆಗಸ್ಟ್ 23ರಂದು ಲಿಂಕನ್ ಒಂದು ಚೀಟಿ ಬರೆದು, ಮಡಚಿ ಅಂಟಿಸಿ, ಸಂಪುಟ ಸಭೆಗೆ ತಂದರು. ಒಳಗೇನಿದೆ ಎಂದು ಹೇಳದೆ ಹಿಂಬದಿಯಲ್ಲಿ ಮಂತ್ರಿಗಳ ಸಹಿ ಹಾಕಿಸಿಕೊಂಡರು. ಒಳಗಿದ್ದದ್ದು ಇಷ್ಟು: ಈ ಸರ್ಕಾರ ಮತ್ತೆ ಆರಿಸಿ ಬರುವುದಿಲ್ಲ ಎಂಬುದೇ ಹೆಚ್ಚು ಸಂಭವ, ಹೊಸಬರು ಅಧಿಕಾರಕ್ಕೆ ಬರುವ ಮುಂಚಿನ ಅವಧಿಯಲ್ಲೇ ಒಕ್ಕೂಟ ಉಳಿಸಲು ಅವರೊಂದಿಗೆ ಕೈಜೋಡಿಸುವುದು ನನ್ನ ಕರ್ತವ್ಯ, ಆಮೇಲೆ ಅದನ್ನು ಉಳಿಸಲು ಅವರಿಂದಾಗದು. ಅದೇ ತಿಂಗಳ ಕೊನೆಗೆ ಡೆಮಾಕ್ರಾಟ್ ಪಕ್ಷ ಷಿಕಾಗೋದಲ್ಲಿ ಸೇರಿ, ಯುದ್ಧ ವಿಫಲವಾಗಿದೆ ಎಂದು ನಿರ್ಣಯ ಮಾಡಿ, ಆಂಟೀಟಮ್‌ನ ಅದೇ ಮೆಕ್ಲೆಲನ್‌ನನ್ನು ಅಭ್ಯರ್ಥಿಯಾಗಿ ನಿಲ್ಲಿಸಿತು. ದಕ್ಷಿಣದ ಎರಡನೇ ದಾರಿ ಅಷ್ಟು ಅಗಲವಾಗಿ ತೆರೆದದ್ದು ಹಿಂದೆಂದೂ ಇರಲಿಲ್ಲ.

ನಿರ್ಣಯದ ಶಾಯಿ ಆರುವ ಮುಂಚೆಯೇ ಅಟ್ಲಾಂಟಾ ಬಿತ್ತು. ಅದು ನಾಲ್ಕು ರೈಲುಮಾರ್ಗ ಕೂಡುವ ಜಂಕ್ಷನ್. ಹಿಂದೆ ಸರಿಯುತ್ತಲೇ ಸೇನೆ ಉಳಿಸಿಕೊಂಡು ಬರುತ್ತಿದ್ದ ಜಾನ್‌ಸ್ಟನ್‌ನನ್ನು ಡೇವಿಸ್ ಜುಲೈನಲ್ಲಿ ತೆಗೆದು, ಹುಡ್ ಎಂಬ ಮುನ್ನುಗ್ಗುವ ಸ್ವಭಾವದವನನ್ನು ಕೂರಿಸಿದ್ದ. ಹುಡ್ ಹತ್ತು ದಿನದೊಳಗೆ ಮೂರು ಸಲ ನುಗ್ಗಿ, ಮೂರು ಸಲವೂ ಸೈನ್ಯ ಕಳೆದುಕೊಂಡ. ಷರ್ಮನ್ ಊರನ್ನು ಬಳಸಿಹೋಗಿ ಜೋನ್ಸ್‌ಬರೋದಲ್ಲಿ ಕೊನೆಯ ರೈಲುಹಳಿ ಕತ್ತರಿಸಿದ. ಸೆಪ್ಟೆಂಬರ್ 1ರ ರಾತ್ರಿ ಹುಡ್ ತನ್ನದೇ ಮದ್ದುಗುಂಡಿನ ರೈಲಿಗೆ ಬೆಂಕಿಯಿಟ್ಟು ಜಾಗ ಖಾಲಿ ಮಾಡಿದ. ಜೋನ್ಸ್‌ಬರೋ ಕದನ ಎಷ್ಟು ಮಂದಿಗೆ ಗೊತ್ತು? ಗೆಟ್ಟಿಸ್‌ಬರ್ಗ್ ಮುಂದೆ ಅದು ಗಾತ್ರದಲ್ಲಿ ಏನೂ ಅಲ್ಲ. ಆದರೆ ನವೆಂಬರ್ 8ರಂದು ಲಿಂಕನ್ ರಾಜ್ಯವಾರು ಎಣಿಸುವ 212 ಚುನಾಯಕ ಮತ ಪಡೆದರು, ಮೆಕ್ಲೆಲನ್‌ಗೆ 21. ರಣರಂಗದಲ್ಲೇ ಮತ ಹಾಕಿದ ಸೈನಿಕರಲ್ಲಿ ನಾಲ್ವರಲ್ಲಿ ಮೂವರು ಲಿಂಕನ್ ಕಡೆ. ಅತ್ತ ದಕ್ಷಿಣದಲ್ಲಿ ಡೇವಿಸ್ ಸೆಪ್ಟೆಂಬರಿನಲ್ಲೇ ಮೇಕನ್ ಎಂಬಲ್ಲಿ ಭಾಷಣ ಮಾಡುತ್ತ, ನಮ್ಮ ಮೂವರಲ್ಲಿ ಇಬ್ಬರು ಸೈನಿಕರು ಜಾಗದಲ್ಲಿಲ್ಲ, ಹೆಚ್ಚಿನವರು ರಜೆ ಕೇಳದೆ ಹೋದವರು ಎಂದು ಬಹಿರಂಗವಾಗಿ ಒಪ್ಪಿಕೊಂಡ. ಗೆದ್ದ ಎತ್ತಿನ ಬಾಲ ಹಿಡಿಯುವುದು ಅಂತರ್ಯುದ್ಧದಲ್ಲಿ ಜೀವ ಉಳಿಸಿಕೊಳ್ಳುವ ವಿವೇಕ, ಯಾವ ಎತ್ತು ಗೆಲ್ಲುತ್ತದೆ ಎಂಬುದು ಹಳ್ಳಿಹಳ್ಳಿಗೂ ಖಚಿತವಾದದ್ದು ಆ ಶರತ್ಕಾಲದಲ್ಲಿ.

ಹಾಗಾಗಿ ನನ್ನ ಮತ ಅಟ್ಲಾಂಟಾಕ್ಕೆ. ಮಗಳು ಅದನ್ನೇ ಬರೆಯಬೇಕೆಂದಿಲ್ಲ. ಗೆಟ್ಟಿಸ್‌ಬರ್ಗ್ ಆರಿಸಿದರೆ ಮಾಹಿತಿ ಧಾರಾಳ, ಆದರೆ ಅವಳ ಬಾಯಲ್ಲೇ ಬಂದ ಆ ಎರಡು ವರ್ಷದ ತಕರಾರಿಗೆ ಅವಳೇ ಉತ್ತರ ಹುಡುಕಬೇಕು, ಸುಲಭವಲ್ಲ. ಗೆಟ್ಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್ ಎರಡನ್ನೂ ಸೇರಿಸಿ '1863ರ ಜುಲೈ' ಎಂದು ವಾದಿಸುವುದು ಮಧ್ಯಮ ದಾರಿ, ಅಂಕಕ್ಕೆ ಮೋಸವಿಲ್ಲ, ಹೊಸತೂ ಇಲ್ಲ. ಆಂಟೀಟಮ್ ಆರಿಸಿದರೆ ಟೀಚರಿಗೆ ಖುಷಿ, ಆದರೆ ಘೋಷಣೆಯ ಶ್ರೇಯಸ್ಸನ್ನೆಲ್ಲ ಕದನಕ್ಕೆ ಕೊಡುವ ಅಪಾಯವಿದೆ. ಲಿಂಕನ್ ಆ ತೀರ್ಮಾನವನ್ನು ಮೊದಲೇ ಮಾಡಿದ್ದರು. ಗುಲಾಮರೂ ಯಾರ ಘೋಷಣೆಗೂ ಕಾಯದೆ ಯುದ್ಧದ ಮೊದಲ ವರ್ಷದಿಂದಲೇ ತೋಟಗಳನ್ನು ಬಿಟ್ಟು ಉತ್ತರದ ಪಾಳೆಯಗಳಿಗೆ ಓಡಿಬರುತ್ತಿದ್ದರು. ಕದನಗಳೇ ಮುಖ್ಯವಲ್ಲ, ಜನಸಂಖ್ಯೆ-ರೈಲು-ಕಾರ್ಖಾನೆಗಳೇ ಗೆದ್ದವು ಎಂದು ಬರೆಯುವುದೂ ಒಂದು ದಾರಿ. ಹುಷಾರಾದ ಮಕ್ಕಳಿಗೆ ಅದು ಬಲು ಇಷ್ಟ. ಆದರೆ 1864ರ ಆಗಸ್ಟಿನಲ್ಲೂ ಕಾರ್ಖಾನೆಗಳೆಲ್ಲ ಉತ್ತರದ ಕೈಯಲ್ಲೇ ಇದ್ದವು, ಲಿಂಕನ್ ಆ ಚೀಟಿ ಯಾಕೆ ಬರೆದರು ಎಂದು ಕೇಳಿದರೆ ಆ ವಾದ ತಡವರಿಸುತ್ತದೆ.

ಅಟ್ಲಾಂಟಾ ಆರಿಸಿಕೊಂಡರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೆಕ್ಲೆಲನ್ ತನ್ನ ಪಕ್ಷದ ಶಾಂತಿ ನಿರ್ಣಯವನ್ನು ಸೆಪ್ಟೆಂಬರಿನಲ್ಲಿ ತಾನೇ ತಳ್ಳಿಹಾಕಿದ್ದ, ಒಕ್ಕೂಟ ಉಳಿಯದೆ ಶಾಂತಿಯಿಲ್ಲ ಎಂದಿದ್ದ. ಹಾಗಿರುವಾಗ ಅವನು ಗೆದ್ದಿದ್ದರೂ ದಕ್ಷಿಣ ಸೋಲುತ್ತಿತ್ತಲ್ಲವೇ? ಅವಳು ಹೀಗೆ ಉತ್ತರಿಸಬಹುದು: ಅವನು ಆ ಪತ್ರ ಬರೆದದ್ದು ಅಟ್ಲಾಂಟಾ ಬಿದ್ದ ಸುದ್ದಿ ಬಂದ ಮೇಲೆ. ಜೊತೆಗೆ ಅವನು ಇಟ್ಟ ಷರತ್ತು ಒಕ್ಕೂಟದ್ದು ಮಾತ್ರ, ಗುಲಾಮರ ಬಿಡುಗಡೆಯ ಮಾತು ಅದರಲ್ಲಿರಲಿಲ್ಲ. ಗುಲಾಮಗಿರಿ ರದ್ದು ಮಾಡುವ 13ನೇ ತಿದ್ದುಪಡಿ 1864ರ ಜೂನಿನಲ್ಲಿ ಕೆಳಮನೆಯಲ್ಲಿ ಬಿದ್ದುಹೋಗಿತ್ತು. ಅದೇ ಮನೆ, ಹೆಚ್ಚುಕಡಿಮೆ ಅದೇ ಸದಸ್ಯರು, ಚುನಾವಣೆಯ ಫಲಿತಾಂಶ ಕಂಡ ಮೇಲೆ 1865ರ ಜನವರಿ 31ರಂದು ಅದನ್ನು ಪಾಸು ಮಾಡಿದರು.